ಬೀಬಿ ಕೊಟ್ಟದ್ದು ಮಾತ್ರೆಯಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾವಳ್ಳಿಯ ಮೀನುಗಾರರ ಕೇರಿಯಲ್ಲಿ ನಾಗಿ ಮೊಗೇರ ಮೀನಿನ ಬುಟ್ಟಿ ತೊಳೆದು ಕವುಚಿ ಹಾಕುವಷ್ಟರಲ್ಲಿ ಗುಲಾಬಿ ಸೀರೆಯ ಕವಿತಾ ಅಂಗಳದಲ್ಲಿ ಹಾಜರು. ಆಶಾ ಕಾರ್ಯಕರ್ತೆಯಾದ ಇವರಿಗೆ ಇಷ್ಟು ಬೇಗ ಬರದೆ ಗತಿಯಿಲ್ಲ. ಬಿಸಿಲೇರಿದ ಮೇಲೆ ಈ ಕೇರಿಯ ಅಜ್ಜಿಯರನ್ನು ಮನೆಯಲ್ಲಿ ಹುಡುಕುವುದು ವ್ಯರ್ಥ. ಮೀನು ತಲೆಯ ಮೇಲೇರಿತೆಂದರೆ ಅವರು ಭಟ್ಕಳದ ಬಸ್ಸಿನಲ್ಲಿರುತ್ತಾರೆ.

“ನಾಗತ್ತೆ, ಮನೇಲಿದ್ದ ಮಾತ್ರೆ ಎಲ್ಲ ತಂದು ಇದ್ರಲ್ಲಿ ಹಾಕು ಕಾಂಬ” ಎಂದು ಅಕ್ಕಿ ಆರಿಸುವ ಗೆರಸಿಯನ್ನು ಜಗಲಿಯ ಮೇಲಿಡುತ್ತಾರೆ ಕವಿತಾ.

ಇದು ಅವರ ಕ್ರಮ. ಡಾಕ್ಟರ ಚೀಟಿ ಕೇಳುವುದಿಲ್ಲ, ಮಾತ್ರೆಯ ಹೆಸರು ಕೇಳುವುದಿಲ್ಲ. ಕಲ್ಲು, ಹೊಟ್ಟು ಕಾಣುವ ಗೆರಸಿಯಲ್ಲಿ ಮಾತ್ರೆಗಳೂ ಸ್ಪಷ್ಟ ಕಾಣುತ್ತವೆ ಎನ್ನುವುದು ಅವರ ಲೆಕ್ಕ. ಸರ್ಕಾರಿ ಆಸ್ಪತ್ರೆಯ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯದು, ಹೊನ್ನಾವರದ ಡಾಕ್ಟರು ಕಾಲಿನ ಊತಕ್ಕೆ ಕೊಟ್ಟ ಮೂತ್ರ ಹೋಗುವ ಮಾತ್ರೆ, ಕುಮಟೆಯಿಂದ ಮಗಳು ತಂದ ಗ್ಯಾಸಿನ ಗುಳಿಗೆ. ನಾಗಿ ಒಂದೊಂದನ್ನೇ ತಂದು ಸುರಿಯುತ್ತಾರೆ.

“ಬೇರೆ?”

“ಬೇರೆ ಎಂತದೂ ಇಲ್ಲೆ ಮಾರಾಯ್ತಿ. ಇಷ್ಟು ತಿಂದ್ರೆ ಗಂಜಿಗೆ ಹೊಟ್ಟೇಲಿ ಜಾಗ ಬೇಡ್ದಾ?”

ಕವಿತಾಗೆ ನಗು ಬರುವುದಿಲ್ಲ. ಹಿಂದಿನ ದಿನವಷ್ಟೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾ. ದೀಪಿಕಾ ಫೋನ್ ಮಾಡಿದ್ದರು. ನಾಗಿಯ ರಕ್ತಪರೀಕ್ಷೆ ಚೆನ್ನಾಗಿಲ್ಲ, ಕಿಡ್ನಿ ಸೋಲುತ್ತಿದೆ. “ಈ ಮಾತ್ರೆಗಳಿಂದ ಇಷ್ಟು ಬೇಗ ಹೀಗಾಗಬಾರದು. ನೋವಿನ ಮಾತ್ರೆ ತಿಂತೀರಾ ಅಂತ ಎರಡೆರಡು ಸಲ ಕೇಳಿದೆ, ಇಲ್ಲ ಅಂದರು. ಆದರೂ ಏನೋ ಇದೆ ಕವಿತಾ, ಮನೆಗೇ ಹೋಗಿ ನೋಡಿ” ಎಂದಿದ್ದರು. ಹೀಗೇ ಬಿಟ್ಟರೆ ಡಯಾಲಿಸಿಸ್‌ಗೆ ಬಂದು ನಿಲ್ಲುತ್ತದೆ ಎಂದೂ ಹೇಳಿದ್ದರು. ಬುಟ್ಟಿ ಹೊತ್ತು ಬದುಕಿದ ಹೆಂಗಸು ಯಂತ್ರಕ್ಕೆ ಕೈಕೊಟ್ಟು ಮಲಗುವುದನ್ನು ನೆನೆದು ರಾತ್ರಿ ಊಟ ಸೇರಲಿಲ್ಲವಂತೆ ಕವಿತಾಗೆ.

ವಯಸ್ಸೆಷ್ಟು, ಮಾತ್ರೆ ಎಷ್ಟು ಬಗೆ, ಡಾಕ್ಟರು ಎಷ್ಟು ಜನ, ಇತ್ತೀಚೆಗೆ ಬಿದ್ದದ್ದುಂಟೋ, ಊಟ ಕಡಿಮೆಯಾಯಿತೋ. ಇಷ್ಟನ್ನು ನೋಡಿದರೆ ಮುಂದೆ ಯಾರಿಗೆ ಅಪಾಯ ಕಾದಿದೆಯೆಂದು ಬಹುಮಟ್ಟಿಗೆ ಊಹಿಸಬಹುದು. ದೀಪಿಕಾ ಹೇಳಿಕೊಟ್ಟ ವಿದ್ಯೆಯಿದು. ಅದರ ಬೆಲೆ ಕವಿತಾಗೆ ಗೊತ್ತಾದದ್ದು ಮಾತ್ರ ಸ್ವಂತ ಮನೆಯಲ್ಲಿ. ಅತ್ತೆ ಹೊನ್ನಮ್ಮ, ಇಬ್ಬರು ಡಾಕ್ಟರು ಬೇರೆ ಬೇರೆ ಹೆಸರಿನಲ್ಲಿ ಕೊಟ್ಟ ಒಂದೇ ಬಿಪಿ ಮದ್ದನ್ನು ಎರಡೂ ನುಂಗಿ, ತಲೆ ತಿರುಗಿ ಬಾವಿಕಟ್ಟೆಯ ಬಳಿ ಬಿದ್ದಿದ್ದರು. ಈಗಲೂ ಕುಂಟುವ ಹೊನ್ನಮ್ಮನ ಬಾಯಿಗೇನೂ ಬಾಧೆಯಿಲ್ಲ. “ನನ್ನ ಸೊಂಟ ಮುರಿದದ್ದು ಊರಿಗೆ ಒಳ್ಳೇದಾತು. ಇವ್ಳು ಈಗ ಕಂಡೋರ ಮನೆ ಡಬ್ಬಿಯೆಲ್ಲ ತಡಕ್ತಾಳೆ” ಎನ್ನುತ್ತಾರೆ.

ಎಲ್ಲರೂ ಹೀಗೆ ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ. ‘ನೀನೇನು ಡಾಕ್ಟರಾ’ ಎಂದು ಬಾಗಿಲಿಂದಲೇ ಸಾಗಹಾಕಿದವರಿದ್ದಾರೆ. “ನಾನು ಒಂದು ಮಾತ್ರೇನೂ ನಿಲ್ಸೂದಿಲ್ಲ, ಕೊಡೂದೂ ಇಲ್ಲ. ಕಂಡದ್ದನ್ನ ಡಾಕ್ಟ್ರಿಗೆ ಹೇಳ್ತೆ, ಅಷ್ಟೇ” ಎಂದು ಅವರಿಗೆ ಹೇಳಿ ಹೇಳಿ ಕವಿತಾಗೆ ಸಾಕಾಗಿದೆ.

ಗೆರಸಿಯಲ್ಲಿ ಏನೂ ಸಿಗದೆ ಕವಿತಾ ಎದ್ದು ನಿಂತಾಗ ನಾಗಿಗೂ ಹೊರಡುವ ಹೊತ್ತು. ಸೊಂಟದ ಎಲೆಸಂಚಿಗೆ ಕೈಹಾಕಿ, ಅಡಿಕೆ ತೆಗೆದಷ್ಟೇ ಸಲೀಸಾಗಿ ಏನನ್ನೋ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ, ಮೇಲೊಂದು ಗುಟುಕು ನೀರು.

“ಅದೆಂತ ನಾಗತ್ತೆ?”

“ಇದಾ? ಇದು ಮಾತ್ರೆ ಅಲ್ಲ. ಸುಮಯ್ಯಾ ಬೀಬಿ ಕೊಟ್ಟದ್ದು.”

ಸುಮಯ್ಯಾ ಬೀಬಿ ಭಟ್ಕಳದ ಪಕ್ಕದ ಜಾಲಿಯವರು. ನಾಗಿ ಮದುವೆಯಾಗಿ ಬಂದ ಹೊಸತರಿಂದ ಮೀನು ಕೊಳ್ಳುವ ಮನೆ. ದುಬೈಯಿಂದ ಮಗ ಬಂದಾಗಲೆಲ್ಲ ಸೋಪು, ಅತ್ತರು, ಖರ್ಜೂರದ ಜೊತೆ ಮಂಡಿನೋವಿನ ಮಾತ್ರೆಯ ಪಟ್ಟಿಗಳೂ ಬರುತ್ತವೆ. ಸೋಪಿನಲ್ಲಿ ನಾಗಿಗೆ ಪಾಲಿರುವಂತೆ ಮಾತ್ರೆಯಲ್ಲೂ ಪಾಲು. ಡಾಕ್ಟರು ಕೊಟ್ಟದ್ದು ಮಾತ್ರೆ. ಬೀಬಿ ಪ್ರೀತಿಯಿಂದ ಕೊಟ್ಟದ್ದು ಉಡುಗೊರೆ. ಉಡುಗೊರೆಯನ್ನು ಯಾರಾದರೂ ಆಸ್ಪತ್ರೆಯಲ್ಲಿ ಹೇಳುತ್ತಾರೆಯೇ? ನಾಗಿ ಡಾಕ್ಟರಿಗೆ ಸುಳ್ಳು ಹೇಳಿರಲೇ ಇಲ್ಲ.

ಕವಿತಾ ಕಳಿಸಿದ, ಅರಬ್ಬಿ ಅಕ್ಷರದ ಆ ಪಟ್ಟಿಯ ಫೋಟೊ ನೋಡಿದ ದೀಪಿಕಾ ಕೂಡಲೇ ಫೋನ್ ಮಾಡುತ್ತಾರೆ. ಕಾಲು ಬಾತದ್ದೇ ಬಹುಶಃ ಇದರಿಂದ, ಆ ಊತಕ್ಕೆಂದು ಮೂತ್ರದ ಮಾತ್ರೆ ಸೇರಿಕೊಂಡಿದೆ. ಬಿಪಿ ಮಾತ್ರೆ, ಮೂತ್ರದ ಮಾತ್ರೆ, ನೋವಿನ ಮಾತ್ರೆ ಮೂರೂ ಕೂಡಿದರೆ ಮುದಿ ಕಿಡ್ನಿ ತಡೆಯುವುದಿಲ್ಲ. ಇದನ್ನು ಇವತ್ತೇ ನಿಲ್ಲಿಸಬೇಕು, ಉಳಿದದ್ದನ್ನು ತಾನು ನೋಡಿ ಬದಲಿಸುತ್ತೇನೆ ಎನ್ನುತ್ತಾರೆ.

ನಾಗಿ ಸುತರಾಂ ಒಪ್ಪುವುದಿಲ್ಲ. “ಇದಿಲ್ದೆ ನಾನು ಬಸ್ಸು ಹತ್ತೂಕಾತ್ತಾ? ಮತ್ತೆ, ಬೀಬಿಗೆ ಎಂತ ಹೇಳ್ಲಿ? ನೀವು ಕೊಟ್ಟದ್ದು ವಿಷ ಅಂತ ಹೇಳ್ಲಾ?” ಎನ್ನುವಾಗ ಕಣ್ಣಲ್ಲಿ ನೀರು. ಮಂಡಿಗಿಂತ ಈ ಎರಡನೆಯದೇ ದೊಡ್ಡ ನೋವೆಂದು ಕವಿತಾಗೆ ತಿಳಿಯುತ್ತದೆ. ವಾದ ಬಿಟ್ಟು ಬುಟ್ಟಿಗೆ ಕೈಹಚ್ಚಿ, ತಾವೂ ಭಟ್ಕಳದ ಬಸ್ಸು ಹತ್ತುತ್ತಾರೆ. ಜಾಲಿ ಅವರ ವ್ಯಾಪ್ತಿಗೆ ಬರುವುದಿಲ್ಲ, ಅಲ್ಲಿಗೆ ಹೋದದ್ದನ್ನು ಲೆಕ್ಕಕ್ಕೆ ಹಿಡಿಯುವವರೂ ಇಲ್ಲ.

ಸುಮಯ್ಯಾ ಬೀಬಿ ಮೀನು ನೋಡುವುದು ಬಿಟ್ಟು ಎಲ್ಲವನ್ನೂ ಕೇಳುತ್ತಾರೆ. ತಮ್ಮ ಕಾಲಿನತ್ತ ಒಮ್ಮೆ ನೋಡಿಕೊಳ್ಳುತ್ತಾರೆ. ಅದೂ ಬಾತಿದೆ. “ನಂಗೂ ಬಿಪಿ ಉಂಟಲ್ಲ ತಂಗಿ. ನಾನೂ ಅದನ್ನೇ ತಿನ್ನೂದು” ಎನ್ನುವಾಗ ದನಿ ಸಣ್ಣಗಾಗುತ್ತದೆ. ನಾಗಿ ಬುಟ್ಟಿ ಸರಿಸಿ, ಬೀಬಿಯ ಮನೆಮಾತು ನವಾಯತಿಗೆ ಕನ್ನಡ ಕಲಸಿದ ತಮ್ಮ ಭಾಷೆಯಲ್ಲಿ ಅವರನ್ನೇ ಗದರುತ್ತಾರೆ: “ಒಳಗೆ ಹೋಗಿ ಎಲ್ಲ ತನ್ನಿ. ಒಂದೂ ಬಿಡೂಕಿಲ್ಲ.” ಬೀಬಿಯನ್ನು ಅಂದೇ ಮಗಳು ತಮ್ಮ ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ.

ಇದಾಗಿ ಕೆಲವು ವಾರ ಕಳೆದಿದೆ. ಬೀಬಿಯ ಮಾತ್ರೆಯೂ ಮೂತ್ರದ ಮಾತ್ರೆಯೂ ನಿಂತಿವೆ. ನಾಗಿಯ ಕಿಡ್ನಿ ಪೂರ್ತಿ ಮೊದಲಿನಂತಾಗಿಲ್ಲ, ಆದರೆ ಇನ್ನಷ್ಟು ಕೆಡುವುದು ನಿಂತಿದೆ. ಮಂಡಿ ನೋಯುತ್ತದೆ, ಬುಟ್ಟಿ ಸಣ್ಣದಾಗಿದೆ, ಅದಕ್ಕೆ ದಿನವೂ ಕವಿತಾಗೆ ಬೈಗುಳ ಇದ್ದೇ ಇದೆ. ಪ್ರಶಸ್ತಿ, ಹೊಗಳಿಕೆಯ ಮಾತೆತ್ತಿದರೆ ಕವಿತಾ ಮುಖ ತಿರುಗಿಸುತ್ತಾರೆ. “ಕೇಳೂಕೆ ಮೊದ್ಲೇ ಎಲ್ಲ ಹೇಳ್ಬೇಕು ಇವ್ರು. ನಂಗೆ ಬೇಕಾದ್ದು ಅಷ್ಟೇ” ಎನ್ನುತ್ತಾರೆ.

ಆರೋಗ್ಯ ಕೇಂದ್ರದಲ್ಲಿ ಇವತ್ತು ನಾಗಿಯ ಸರದಿ. ದೀಪಿಕಾ ಬಾಯಿ ತೆರೆಯುವ ಮುಂಚೆಯೇ ನಾಗಿ ಬೆರಳು ಮಡಚತೊಡಗುತ್ತಾರೆ: ಬಿಪಿಯದು, ಸಕ್ಕರೆಯದು, ಗ್ಯಾಸಿನದು. ಅಲ್ಲಿಗೆ ನಿಂತು, ಬಾಗಿಲಲ್ಲಿರುವ ಕವಿತಾರನ್ನು ಒಮ್ಮೆ ನೋಡಿ, ಇನ್ನೊಂದು ಬೆರಳನ್ನೂ ಮಡಚುತ್ತಾರೆ.

“ಮತ್ತೆ ಬೀಬಿ ಮನೆ ಚಾ, ಡಾಕ್ಟ್ರೆ. ಅದ್ರಲ್ಲಿ ಸಕ್ಕರೆ ಇರ್ತದೆ.”