ಅಮ್ಮ ಬಚ್ಚಿಟ್ಟಿದ್ದ ಹೆಸರು

ಇಸ್ತ್ರಿ ಅಂಗಡಿಯ ಅಮ್ಮನಿಗೆ ಗಿರಾಕಿಗಳು ಇಟ್ಟಿದ್ದ ಅಡ್ಡಹೆಸರು ರೇಡಿಯೋ. ಬೆಳಿಗ್ಗೆ ಶಟರ್ ಎತ್ತುವ ಸದ್ದಿನ ಜೊತೆಗೇ ಶುರುವಾಗುವ ಅವಳ ಮಾತು ಸಂಜೆ ಕೊನೆಯ ಅಂಗಿಯ ಕಾಲರ್ ಮಡಿಸುವವರೆಗೆ ನಿಲ್ಲುತ್ತಿರಲಿಲ್ಲ. ಯಾರ ಪ್ಯಾಂಟಿನ ಸೊಂಟ ಈ ವರ್ಷ ಎರಡು ಬೆರಳು ಅಗಲವಾಗಿದೆ, ಯಾರ ಮನೆಯಿಂದ ಈಗ ಒಂದೇ ದಿಂಬಿನ ಚೀಲ ಬರುತ್ತಿದೆ, ಎಲ್ಲ ಅವಳಿಗೆ ಗೊತ್ತು. ಪಕ್ಕದಲ್ಲಿ ತುಟಿಪಿಟಕ್ಕೆನ್ನದೆ ಬಟ್ಟೆಗೆ ನೀರು ಚಿಮುಕಿಸುತ್ತ ನಿಲ್ಲುವ ಮಗಳನ್ನು ಅವಳು ಕರೆಯುತ್ತಿದ್ದುದು ‘ನನ್ನ ಬೀಗ’ ಎಂದು.

ಮಗಳು ಬಸುರಿಯಾದಾಗ, ಹೆಣ್ಣೇ ಹುಟ್ಟುವುದೆಂದು ಅಮ್ಮ ತಾನೇ ತೀರ್ಮಾನಿಸಿಬಿಟ್ಟಳು.

“ಹೆಸರು ಹುಡುಕಿಟ್ಟಿದೀನಿ ಕಣೇ. ಪುಟ್ಟದು. ಈ ಬೀದೀಲಿ ಒಬ್ಬರಿಗೂ ಇಲ್ಲ. ಕರೆದ್ರೆ ಇವಳೊಬ್ಬಳೇ ತಿರುಗಬೇಕು, ಹಾಗಿದೆ.”

“ಏನಮ್ಮ ಅದು?”

“ಈಗಲೇ ಹೇಳಿದ್ರೆ ನಿನ್ನ ಗಂಡ ಅದಕ್ಕೊಂದು ಬಾಲ ಅಂಟಿಸ್ತಾನೆ. ಮಗು ಬರಲಿ, ಅದರ ಮುಖಕ್ಕೇ ಹೇಳ್ತೀನಿ.”

ಜೀವಮಾನದಲ್ಲಿ ಅವಳ ಹೊಟ್ಟೆಯಲ್ಲಿ ಉಳಿದ ಗುಟ್ಟು ಅದೊಂದೇ.

ಏಳನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಯಾರದೋ ಮನೆಯ ಪರದೆ ಮಡಿಸುತ್ತಿದ್ದ ಹಾಗೇ ಅಮ್ಮ ಕುಸಿದಳು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಅಕ್ಷರವೂ ಹೋಯಿತು, ಪತ್ರಿಕೆ ಕೊಟ್ಟರೆ ತಲೆಕೆಳಗಾಗಿ ಹಿಡಿಯುತ್ತಿದ್ದಳು. ಅಷ್ಟು ದೊಡ್ಡ ರೇಡಿಯೋದಲ್ಲಿ ಉಳಿದದ್ದು ಒಂದೇ ಸದ್ದು: ನೂಮಿ. ನೀರು ಬೇಕಾದರೆ ನೂಮಿ, ಬೆನ್ನು ತುರಿಸಿದರೆ ನೂಮಿ, ಕಿಟಕಿ ಮುಚ್ಚಬೇಕಾದರೂ ನೂಮಿ.

“ಅದಕ್ಕೆ ಅರ್ಥ ಹುಡುಕಬೇಡಿ,” ಎಂದರು ಡಾಕ್ಟರು. “ಇಂಥವರ ಬಾಯಲ್ಲಿ ಯಾವುದೋ ಒಂದು ಸದ್ದು ಉಳಿದುಬಿಡುತ್ತೆ, ಅಷ್ಟೇ.”

ಮಗಳಿಗೆ ಅಷ್ಟೇ ಅನ್ನಿಸಲಿಲ್ಲ. ಲಕ್ಷ ಮಾತು ಕೊಚ್ಚಿಹೋಗುವಾಗ ಅಮ್ಮ ಗಟ್ಟಿಯಾಗಿ ಹಿಡಿದುಕೊಂಡ ಮಾತು ಬೇರೆ ಯಾವುದಿದ್ದೀತು? ಪುಟ್ಟದು, ಬೀದಿಯಲ್ಲಿ ಒಬ್ಬರಿಗೂ ಇಲ್ಲದ್ದು. ಹೆಣ್ಣುಮಗು ಹುಟ್ಟಿದ ಮೂರನೇ ದಿನ ಅವಳು ಅಮ್ಮನ ಹಾಸಿಗೆಯ ಮೇಲೆ ಬಗ್ಗಿ ಕೇಳಿದಳು: “ಅಮ್ಮ, ನೀನು ಹುಡುಕಿಟ್ಟ ಹೆಸರು ಇದೇನಾ? ನೂಮಿ?”

ಅಮ್ಮ ತಲೆಯಾಡಿಸಿದಳು. ಹೌದು.

ಶಾಲೆಯ ವ್ಯಾನ್ ಓಡಿಸುವ ಗಂಡ ನಿಟ್ಟುಸಿರು ಬಿಟ್ಟು ಹಾಸಿಗೆಯ ಹತ್ತಿರ ಬಂದ.

“ಅತ್ತೆ, ನಾನು ಬಂಗಾರದಂಥ ಅಳಿಯ ಅಲ್ವಾ?”

ಹೌದು.

“ನಿಮ್ಮನ್ನ ವ್ಯಾನಿನ ಮೇಲೆ ಹಗ್ಗ ಹಾಕಿ ಕಟ್ಟಿಕೊಂಡು ಹೋಗಲಾ?”

ಹೌದು.

“ನೋಡಿದ್ಯಾ? ಎಲ್ಲದಕ್ಕೂ ಹೂಂ ಅಂತಾರೆ ಕಣೇ.”

“ನಿನ್ನ ತಲೆಹರಟೆಗೆ ಇದನ್ನ ಹೋಲಿಸಬೇಡ,” ಎಂದಳು ಮಗಳು. ಅವನು ಹೇಳಿದ್ದು ನಿಜವೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ಮರುವಾರವೇ ಜನನ ನೋಂದಣಿ ಕಚೇರಿಗೆ ಹೋಗಿ ಅದೇ ಹೆಸರು ಬರೆಸಿದಳು. ಗುಮಾಸ್ತ ಕನ್ನಡಕದ ಮೇಲಿಂದ ನೋಡಿ “ಅರ್ಥ ಏನಮ್ಮ?” ಎಂದ. “ನಮ್ಮಮ್ಮಂಗೆ ಗೊತ್ತು,” ಎಂದಳು.

ಮುಂದಿನ ಐದು ತಿಂಗಳು ಅವಳನ್ನು ಕುಸಿಯದಂತೆ ನಿಲ್ಲಿಸಿದ್ದು ಆ ಎರಡಕ್ಷರ. ಬೆಳಗಿನಿಂದ ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಂತು ಕಾಲು ಬಾತುಕೊಂಡಾಗ, ಒಳಕೋಣೆಯಿಂದ ನೂಮಿ ಎಂದು ಕೇಳಿದರೆ, ಅಮ್ಮ ಮೊಮ್ಮಗಳನ್ನು ಕರೆಯುತ್ತಿದ್ದಾಳೆ ಎಂದುಕೊಳ್ಳುವಳು. ಹೋಗಿ ನೋಡಿದರೆ ಬೇಕಿದ್ದುದು ನೀರು. ಇರಲಿ.

ಅಮ್ಮ ನಿಧಾನವಾಗಿ ಸುಧಾರಿಸಿದಳು. ಒಂದು ಭಾನುವಾರ, ಬಾಯಿಗೆ ಹಿಡಿದ ಗಂಜಿಯನ್ನು ಎಡಗೈಯಿಂದ ತಳ್ಳಿ, ತಲೆಯನ್ನು ಅತ್ತಿತ್ತ ಆಡಿಸಿದಳು. ಬೇಡ.

“ಬೇಡ ಅನ್ನೋದು ಕಲಿತ್ರು! ಇನ್ನು ಅಳಿಯನ ಕಥೆ ಮುಗೀತು,” ಎಂದು ಗಂಡ ಕುಣಿದ. ಮಗಳು ಖುಷಿಯಲ್ಲಿ ಕೂಸನ್ನು ತಂದು ಅಮ್ಮನ ತೊಡೆಯ ಮೇಲೆ ಕೂರಿಸಿ, ಹಿಂದಿನಿಂದ ಹಿಡಿದುಕೊಂಡಳು.

“ಇವಳನ್ನ ಕರೆಯಮ್ಮ.”

ಅಮ್ಮ ಕೂಸಿನ ಮುಖವನ್ನು ಬಹಳ ಹೊತ್ತು ನೋಡಿದಳು. ಕತ್ತಿನ ನರ ಉಬ್ಬಿತು. ತುಟಿ ಏನನ್ನೋ ಹಿಡಿಯಲು ಹೋಗಿ ಜಾರಿ, ಮತ್ತೆ ಹೋಗಿ ಜಾರಿತು.

“ನೂಮಿ.”

ಹೇಳಿದವಳೇ ತಲೆಯನ್ನು ಅತ್ತಿತ್ತ ಆಡಿಸಿದಳು. ಅಲ್ಲ. ಇನ್ನೊಮ್ಮೆ ಉಸಿರು ಕಟ್ಟಿ “ನೂಮಿ” ಎಂದಳು, ಮತ್ತೆ ಅಲ್ಲ ಎಂದಳು. ಎಡಗೈ ಮುಷ್ಟಿ ಮಾಡಿ ತನ್ನ ತೊಡೆಗೆ ಗುದ್ದಿಕೊಂಡಳು. ಕಣ್ಣೀರು ಓರೆಯಾದ ಬಾಯಿಯೊಳಕ್ಕೆ ಇಳಿಯಿತು.

“ಇದಲ್ವಾಮ್ಮ? ಬೇರೆ ಇದೆಯಾ?”

ಹೌದು.

ಮಗಳು ಶುರುಮಾಡಿದಳು. ಎರಡಕ್ಷರದವು, ಮೂರಕ್ಷರದವು, ಗಿರಾಕಿಗಳ ಮಕ್ಕಳವು, ಎಂದೋ ಕೇಳಿದವು, ಆಗಲೇ ಕಟ್ಟಿದವು. ಹುಟ್ಟಿದಾಗಿನಿಂದ ಇಷ್ಟು ಮಾತಾಡಿದವಳಲ್ಲ ಅವಳು. ಒಂದೊಂದಕ್ಕೂ ಅಮ್ಮನ ತಲೆ ಅಲ್ಲ, ಅಲ್ಲ ಎಂದಿತು. ಗಂಡ “ಸಾಕು ಬಿಡೇ” ಎಂದ. ಬಿಡಲಿಲ್ಲ. ಕೊನೆಗೆ ಅಮ್ಮನೇ ಎಡಗೈ ಎತ್ತಿ, ಅವಳ ಬಾಯನ್ನು ಮುಚ್ಚಿ, ಗೋಡೆಯ ಕಡೆ ತಿರುಗಿದಳು.

ಮಗಳು ಕೂಸನ್ನು ಚಾಪೆಯ ಮೇಲೆ ಮಲಗಿಸಿ ಅಂಗಡಿಗೆ ಬಂದಳು. ನಾಳೆ ಕೊಡಬೇಕಾದ ಅಂಗಿಗಳಿದ್ದವು. ಒಂದರ ತೋಳು ಮುಗಿಯುವಷ್ಟರಲ್ಲಿ ಒಳಗೆ ಕೂಸು ಅತ್ತಿತು. ಹೆಸರು ಹಿಡಿದು, ಬಂದೆ ಎಂದು ಇಲ್ಲಿಂದಲೇ ಕೂಗಿ ಸಮಾಧಾನ ಮಾಡುವುದು ಅವಳ ರೂಢಿ. ಬಾಯಿ ತೆರೆದಳು. ಏನೆಂದು ಕರೆಯುವುದೆಂದು ತಿಳಿಯಲಿಲ್ಲ. ಅಳು ಜೋರಾಯಿತು, ಅವಳು ಪೆಟ್ಟಿಗೆ ಹಿಡಿದು ಹಾಗೇ ನಿಂತಿದ್ದಳು.