ನೋಡಿದೆ ಅಲ್ಲ, ಮುಟ್ಟಿದೆ

ನನ್ನ ಗಂಡ ಮೂವತ್ತು ವರ್ಷ ಒಂದೇ ಜೀಪ್ ಓಡಿಸಿದರು. ಬೆಟ್ಟ ನೋಡಬೇಕು ಅಂತ ಬಂದವರನ್ನು ಮೇಲಕ್ಕೆ ಕರೆದುಕೊಂಡು ಹೋಗಿ, ಐದು ದಿನ ಟೆಂಟಿನಲ್ಲಿ ಮಲಗಿಸಿ, ಕೆಳಗೆ ತಂದು ಬಿಡುವುದು ಅವರ ಕೆಲಸ. ಆ ಟೆಂಟು ಹೊಲಿಯುವುದು ನನ್ನ ಕೆಲಸ. ಮನೆ ಪಕ್ಕದ ಶೆಡ್ಡಿನಲ್ಲಿ ಅರ್ಧ ಜಾಗ ಜೀಪಿಗೆ, ಅರ್ಧ ಜಾಗ ನನ್ನ ಹೊಲಿಗೆ ಮೆಷಿನ್ನಿಗೆ. ಜೀಪಿಗೆ ಅವರು ಇಟ್ಟ ಹೆಸರು ಮುದುಕಿ.

"ಮುದುಕಿಗೆ ನೀರು ಕುಡಿಸಿದ್ಯೇನೇ?" ಅಂತ ಕೇಳೋರು.

"ಯಾವ ಮುದುಕಿಗೆ?" ಅಂತ ನಾನು.

"ಎದುರು ಮಾತಾಡದೆ ಇರೋ ಮುದುಕಿಗೆ."

ಹೊರಡುವ ಹಿಂದಿನ ದಿನ ಅವರು ಗಾಡಿ ಕೆಳಗೆ ಮಲಗೋರು. ನಾನು ಹಿಂದಿನ ಬಾಗಿಲ ಹತ್ತಿರ ನಿಲ್ಲಬೇಕು. ಕೆಳಗಿಂದ ಒಂದೊಂದೇ ಸಾಮಾನಿನ ಹೆಸರು ಕೂಗೋರು. ನಾನು ಅದರ ಮೇಲೆ ಕೈ ಇಟ್ಟು "ಮುಟ್ಟಿದೆ" ಅನ್ನಬೇಕು. ಇದೆ ಅನ್ನಬಾರದು. ನೋಡಿದೆ ಅಂತೂ ಅನ್ನಲೇಬಾರದು. ಮದುವೆಯಾದ ಹೊಸದರಲ್ಲಿ ಒಂದು ಸಲ ಸ್ಟೆಪ್ನಿ ನೋಡಿದೆ ಅಂದಿದ್ದೆ. ನೋಡೋಕೆ ದುಂಡಗೇ ಇತ್ತು, ಒಳಗೆ ಗಾಳಿ ಇರಲಿಲ್ಲ. ಅವರು ಎರಡು ದಿನ ಹಿಮದಲ್ಲಿ ಕೂತು ಬಂದರು. ಬಂದು ಬೈಯಲಿಲ್ಲ. "ಕಣ್ಣು ಸುಳ್ಳು ಹೇಳುತ್ತೆ, ಕೈ ಹೇಳಲ್ಲ" ಅಂದರು ಅಷ್ಟೆ. ಅವತ್ತಿಂದ ನಮ್ಮನೆಯಲ್ಲಿ ಆ ಮಾತು ಬಂದ್.

ಗಾಡಿಯ ಒಂದೊಂದು ನಟ್ಟು ಮುಟ್ಟಿದ ಮನುಷ್ಯ ತನ್ನ ಎದೆ ಮುಟ್ಟಿಕೊಳ್ಳಲಿಲ್ಲ. ದೀಪದ ಬುಡ ಕತ್ತಲೆ. ಹೋದ ವರ್ಷ ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿ ಅಂತ ಜಗಳ ಮಾಡಿ ಕಳಿಸಿದೆ. ಹೋಗಿ ಬಂದರು.

"ಏನಂದ್ರು ರೀ?"

"ನೋಡಿದ್ರು ಕಣೇ. ಗ್ಯಾಸು ಅಂದ್ರು."

ನೋಡಿದ್ರು. ಮೂವತ್ತು ವರ್ಷ ಬಾಯಿಗೆ ತಾರದ ಮಾತನ್ನು ಅವತ್ತು ಅಂದರು. ನನಗೆ ಹೊಳೆಯಲಿಲ್ಲ. ಒಲೆ ಮೇಲೆ ಹಾಲು ಉಕ್ಕುತ್ತಿತ್ತು, ಆ ಕಡೆ ಓಡಿದೆ. ಅವರು ಹೋಗಿದ್ದು ಔಷಧಿ ಅಂಗಡಿಗೆ ಅಂತ ಆಮೇಲೆ ಗೊತ್ತಾಯಿತು. ಅಂಗಡಿಯವನು ಕೂತಲ್ಲಿಂದಲೇ ಮುಖ ನೋಡಿ ಮಾತ್ರೆ ಕೊಟ್ಟಿದ್ದ. ಅವರು ಹೇಳಿದ್ದು ಸುಳ್ಳೂ ಅಲ್ಲ.

ಮೇಲೆ ಸಿಗ್ನಲ್ ಇಲ್ಲ. ಐದನೇ ದಿನಕ್ಕೆ ಮೊದಲು ಫೋನ್ ಬರುವ ಹಾಗಿಲ್ಲ. ಅವರು ಆ ಮಾತ್ರೆ ನುಂಗಿಕೊಂಡೇ ಬೆಟ್ಟಕ್ಕೆ ಹೋದ ಸಲ ಮೂರನೇ ದಿನ ಮಧ್ಯಾಹ್ನ ಬಂತು. ಮಗಳು ಜೊತೆಗೆ ಹೋಗಿದ್ದಳು. ಅಪ್ಪನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಅವಳೇ ಗಾಡಿ ಇಳಿಸಿದಳು. ಅರ್ಧ ದಾರಿಗೇ ಉಸಿರು ನಿಂತಿತ್ತು. ಆ ಸೀಟಿನ ಕವರು ನಾನೇ ಹೊಲಿದದ್ದು. ಬಿಚ್ಚಿ ಸುಟ್ಟೆ. ಹೊಸದು ಹೊಲಿದೆ.

ಮಗಳಿಗೆ ಇಪ್ಪತ್ತನಾಲ್ಕು. ಹಿಡಿದರೆ ಬಿಡಲ್ಲ ಅಂತ ಅಪ್ಪ ಅವಳನ್ನು ಬೋಲ್ಟು ಅಂತ ಕರೆಯೋರು. ಈ ವರ್ಷ ನಾಲ್ಕು ಜನರನ್ನು ತಾನೊಬ್ಬಳೇ ಕರೆದುಕೊಂಡು ಹೋಗುತ್ತೀನಿ ಅಂದಳು. ಬೇಡ ಅಂದೆ. ಬೋಲ್ಟು ತಿರುಗಲಿಲ್ಲ.

ಒಂದು ತಿಂಗಳು ತಯಾರಿ ಮಾಡಿದಳು. ಬೆಳಿಗ್ಗೆ ಬೆನ್ನಿಗೆ ಇಪ್ಪತ್ತು ಕೆಜಿ ಚೀಲ ಹಾಕಿಕೊಂಡು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಇಳಿಯೋಳು. ಸಂಜೆ ಗಾಡಿ. ಬ್ರೇಕ್ ಆಯಿಲ್ ಬದಲಾಯಿಸಿದಳು, ಹೊಸ ಫ್ಯಾನ್ ಬೆಲ್ಟ್ ಹಾಕಿ ಹಳೆಯದನ್ನೂ ಇರಲಿ ಅಂತ ಸೀಟಿನ ಕೆಳಗೆ ಇಟ್ಟಳು. ಅವಳು ಒಂದು ನಟ್ಟು ಬಿಗಿ ಮಾಡಿದರೆ ನನ್ನ ಹೊಟ್ಟೆಯಲ್ಲಿ ಒಂದು ಸಡಿಲವಾಗುತ್ತಿತ್ತು. ಕೊನೇ ವಾರ ಕೆಮ್ಮು ಬೇರೆ ಶುರುವಾಯಿತು. ಅವಳು ಕೆಮ್ಮಿದಾಗಲೆಲ್ಲ ನಾನು ಮೆಷಿನ್ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದೆ.

ಬುಧವಾರ ಅವಳು ಡೀಸೆಲ್ ತರಲು ಹೋದಾಗ ನಾನೊಂದು ಕೆಲಸ ಮಾಡಿದೆ. ಚಕ್ರ ಬಿಚ್ಚುವ ವೀಲ್ ಪಾನ ತೆಗೆದು ಕ್ಯಾನ್ವಾಸ್ ಸುರುಳಿಯೊಳಗೆ ತುರುಕಿದೆ. ಹುಡುಕುತ್ತಾಳೆ, ಸಿಗಲ್ಲ, ಒಂದು ದಿನ ಹೋಗುತ್ತೆ, ಬಂದವರು ಸಿಟ್ಟಾಗಿ ಬೇರೆ ಗಾಡಿ ಹಿಡೀತಾರೆ. ಇಷ್ಟೇ ಯೋಚಿಸಿದ್ದು. ಹುಡುಕದೇ ಹೊರಟುಬಿಟ್ಟರೆ ಅನ್ನೋದು ಆಮೇಲೆ ಹೊಳೆಯಿತು. ಆದರೂ ತೆಗೆದು ವಾಪಸ್ ಇಡಲಿಲ್ಲ. ಕದ್ದವಳ ಹಾಗೆ ಮೆಷಿನ್ ಮುಂದೆ ಕೂತೆ.

ಗುರುವಾರ ಮಧ್ಯಾಹ್ನ ಅವಳು ಅಪ್ಪನ ಹಾಗೇ ಗಾಡಿ ಕೆಳಗೆ ಮಲಗಿದಳು.

"ಜಾಕಿ?"

"ಮುಟ್ಟಿದೆ."

"ಸ್ಟೆಪ್ನಿ?"

ಮೊಣಕಾಲು ಕೊಟ್ಟು ಒತ್ತಿದೆ. "ಮುಟ್ಟಿದೆ. ಕಲ್ಲಿನ ಹಾಗಿದೆ."

"ಟೆಂಟಿನ ಗೂಟ?"

"ಮುಟ್ಟಿದೆ. ಹದಿನಾರು."

"ವೀಲ್ ಪಾನ?"

"ನೋಡಿದೆ."

ಗಾಡಿ ಕೆಳಗಿಂದ ಗ್ರೀಸು ಮೆತ್ತಿದ ಮುಖ ಹೊರಗೆ ಬಂತು.

"ಏನಂದೆ?"

ಮುಟ್ಟದೆ ಮುಟ್ಟಿದೆ ಅನ್ನೋಕೆ ನಾಲಿಗೆ ಏಳಲಿಲ್ಲ. ಸುರುಳಿಯ ಕಡೆ ಕೈ ತೋರಿಸಿದೆ. ಅವಳು ಎದ್ದು ಹೋಗಿ ಎಳೆದು ತೆಗೆದಳು.

"ಅಮ್ಮಾ, ಮೇಲೆ ಪಂಕ್ಚರ್ ಆಗಿದ್ರೆ ನಟ್ಟನ್ನ ಹಲ್ಲಲ್ಲಿ ಬಿಚ್ಚಬೇಕಿತ್ತಾ ನಾನು?"

"ನೀನು ಹೋಗೋದೇ ಬೇಡ ಅಂತ ಬಚ್ಚಿಟ್ಟೆ."

ಬೈಯೋಕೆ ಬಾಯಿ ತೆಗೆದಳು. ಕೆಮ್ಮು ಬಂತು. ಬಗ್ಗಿ ಕೆಮ್ಮಿದಳು. ನಿಲ್ಲುವವರೆಗೂ ಕಾದೆ.

"ಡಾಕ್ಟರ ಹತ್ರ ಹೋಗಿದ್ಯಾ?"

"ಹೂಂ, ನೋಡಿದ್ರು."

ಅಂದವಳು ತಾನೇ ನಾಲಿಗೆ ಕಚ್ಚಿಕೊಂಡಳು. ಈ ಸಲ ಒಲೆ ಮೇಲೆ ಹಾಲಿರಲಿಲ್ಲ.

"ಮುಟ್ಟಿದ್ರಾ?"

"... ಅಂಗಡೀಲಿ ಸಿರಪ್ ತಗೊಂಡೆ."

"ಅಪ್ಪನ ಮಗಳೇ, ನಡಿ" ಅಂದೆ. ಕೈ ತೊಳೆಯೋಕೂ ಬಿಡಲಿಲ್ಲ. ಗ್ರೀಸಿನ ಕೈಯಲ್ಲೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಬೆನ್ನಿಗೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹುಬ್ಬು ಅಲ್ಲಾಡಿದರೆ ಸತ್ತೆ ಅಂದುಕೊಂಡಿದ್ದೆ.

"ಎದೆ ಚೆನ್ನಾಗಿದೆ. ಗಂಟಲ ಕೆಮ್ಮು ಅಷ್ಟೆ."

"ಇನ್ನೊಂದು ಸಲ ಮುಟ್ಟಿ ನೋಡಿ ಮೇಡಂ."

"ನೀವು ಏನು ಕೆಲಸ ಮಾಡ್ತೀರಮ್ಮ?"

"ಟೆಂಟು ಹೊಲೀತೀನಿ."

"ಹೊಲಿದ ಕಡೆಯೇ ಮತ್ತೆ ಹೊಲೀತೀರಾ?"

"ಗಾಳಿ ಹೊಡೆಯೋ ಕಡೆ ಹೊಲೀತೀನಿ."

ಡಾಕ್ಟರಮ್ಮ ಸ್ಟೆತಾಸ್ಕೋಪ್ ಮತ್ತೆ ಕಿವಿಗೆ ಹಾಕಿಕೊಂಡರು. ನಿಧಾನವಾಗಿ ಹತ್ತು, ಅರ್ಧದಲ್ಲಿ ಒಂದು ರಾತ್ರಿ ಜಾಸ್ತಿ ಉಳಿದುಕೋ, ತಲೆ ನೋವು ಬಂದರೆ ಇಳಿದುಬಿಡು ಅಂತ ಹೇಳಿ ಕಳಿಸಿದರು.

ಶುಕ್ರವಾರ ಹೊರಟಳು. ವೀಲ್ ಪಾನ ನಾನೇ ಎತ್ತಿ ಒಳಗಿಟ್ಟೆ. ಗಾಡಿ ತಿರುವು ದಾಟಿದ ಮೇಲೆ ಶೆಡ್ಡಿಗೆ ಬಂದು ಕೂತೆ. ನೆಲದ ಮೇಲೆ ಎಣ್ಣೆ ಕಲೆ ಇತ್ತು. ಹಳೆಯದಾ, ಹೊಸದಾ? ಬಗ್ಗಿ ಬೆರಳಿಟ್ಟೆ. ಒಣಗಿತ್ತು. ಒಣಗಿದ್ದು ಗೊತ್ತಾದ ಮೇಲೂ ಆ ದಿನ ನಾಲ್ಕು ಸಲ ಬೆರಳಿಟ್ಟೆ.

ಭಾನುವಾರ ಮೂರನೇ ದಿನ. ಮಧ್ಯಾಹ್ನ ಫೋನ್ ಹೊಡೆದುಕೊಂಡಿತು. ಮೆಷಿನ್ ಮೇಲೆ ಇತ್ತು. ಅವಳದೇ ಹೆಸರು. ಎತ್ತಲಿಲ್ಲ. ನಿಂತಿತು. ಮತ್ತೆ ಹೊಡೆಯಿತು. ಎತ್ತಿ ಕಿವಿಗಿಟ್ಟುಕೊಂಡೆ.

"ಅಮ್ಮಾ, ಇದೀಯಾ? ಇಳೀತಾ ಇದೀವಿ."

"ಯಾರಿಗೆ ಏನಾಯ್ತು?"

"ನಂಗಲ್ಲ. ಬಂದಿರೋರಲ್ಲಿ ಒಬ್ಬರು ಮೇಷ್ಟ್ರು. ಬೆಳಿಗ್ಗೆಯಿಂದ ಚೆನ್ನಾಗಿದೀನಿ ಚೆನ್ನಾಗಿದೀನಿ ಅಂತಿದ್ರು. ನಾನು ಕೈ ಹಿಡಿದು ನೋಡಿದೆ, ಉಗುರು ನೀಲಿ. ಮಾತೇ ಆಡ್ದೆ ಗಾಡಿ ತಿರುಗಿಸ್ದೆ. ಉಳಿದವರು ಬೈತಿದಾರೆ, ಬೈಲಿ. ಇಳೀತಾ ಇಳೀತಾ ಮೇಷ್ಟ್ರಿಗೆ ಉಸಿರು ಸರಿ ಆಯ್ತು. ಈಗ ಬಿಸ್ಕತ್ ಕೇಳ್ತಿದಾರೆ."

ನಾನು ಸ್ಟೂಲಿನ ಮೇಲೆ ಕೂತೆ. ನಮ್ಮನೆಯವರ ಕೈಯನ್ನೂ ಯಾರಾದರೂ ಹೀಗೆ ಹಿಡಿದಿದ್ದರೆ ಅನ್ನಿಸಿತು. ಯಾರಾದರೂ ಏನು, ನಾನೇ. ಹೊರಡೋ ಹಿಂದಿನ ದಿನ ಇಡೀ ಜೀಪು ಮುಟ್ಟಿದ್ದೆ.

"ಬೋಲ್ಟು, ಗಾಡಿ ನಿಲ್ಸಿ ಮಾತಾಡ್ತಿದೀಯಾ?"

"ನಿಲ್ಸಿದೀನಿ. ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟಿದೀನಿ."

"ಕಲ್ಲು ಮುಟ್ಟಿದ್ಯಾ?"

ನಕ್ಕಳು. ನಗುವಿನ ಜೊತೆ ಕೆಮ್ಮು ಬಂತು. ಗಂಟಲ ಕೆಮ್ಮೇ. ಆದರೂ ಅದು ನಿಲ್ಲುವವರೆಗೂ ನಾನು ಫೋನ್ ಇಡಲಿಲ್ಲ.