ಶೀಶೆಯಲ್ಲಿ ಒಂದು ಚಿಟಿಕೆ ವಿಭೂತಿ

ನನ್ನ ಮಗಳ ಕಾಲೇಜಿನವರು ಹೊರದೇಶದ ಒಂದು ಕಾಲೇಜಿನೊಂದಿಗೆ ಮಕ್ಕಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಅಲ್ಲಿಯ ಒಬ್ಬರು ಇಲ್ಲಿಗೆ, ಇಲ್ಲಿಯ ಒಬ್ಬರು ಅಲ್ಲಿಗೆ, ಆರು ತಿಂಗಳ ಮಟ್ಟಿಗೆ. ಹೋದ ವರ್ಷ ಹೋಗಬೇಕಾದವಳು ನನ್ನ ಮಗಳು. ಹಿಟ್ಟಿಗಿಂತ ನುಣ್ಣಗಿನ ಕಬ್ಬಿಣದ ಪುಡಿಯನ್ನು ಉರಿಸಿ ಶಾಖ ತೆಗೆಯುವುದು ಅವಳ ಕೆಲಸ. ಹೊಗೆ ಬರುವುದಿಲ್ಲ. ಉಳಿಯುವುದು ಕೆಂಪು ತುಕ್ಕು, ನಮ್ಮ ಕಡೆ ಜಂಗ್ ಅನ್ನುವುದು. ಅದನ್ನು ತಿರುಗಿ ಕಬ್ಬಿಣ ಮಾಡಿ ಮತ್ತೆ ಉರಿಸಬಹುದಂತೆ. ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತು ಅವಳೇ ಹೇಳಿದ್ದು.

ಹೊರಡುವ ಮುಂಚೆ ಎರಡು ದಿನದ ಮಟ್ಟಿಗೆ ಸಿಂಧನೂರಿನ ನಮ್ಮ ಮನೆಗೆ ಬಂದಳು. ಒಂದು ವರ್ಷ ಉರಿಸಿ ಕೂಡಿಟ್ಟ ಆ ಕೆಂಪು ಪುಡಿ ಸಣ್ಣ ಶೀಶೆಯಲ್ಲಿತ್ತು. ಅಲ್ಲಿಗೆ ಒಯ್ಯಬೇಕಾದದ್ದು. ಕಾಲೇಜಿನಲ್ಲಿ ಯಾರನ್ನೂ ನಂಬದೆ ಜೊತೆಗೇ ತಂದಿದ್ದಳು.

ಲಿಂಗಸುಗೂರಿನ ನನ್ನ ನಾದಿನಿಯೂ ಆವತ್ತು ಬಂದಿದ್ದಳು. ಶೀಶೆ ಎತ್ತಿ ನೋಡಿ, “ಏನ್ರೀ ವೈನಿ, ಜಂಗ್ ತಗೊಂಡು ವಿಮಾನ ಹತ್ತತಾಳೇನು ನಿಮ್ಮ ಮಗಳು? ನಮ್ಮ ಹಳೇ ಟ್ರಂಕಿನಾಗ ಬೇಕಾದಷ್ಟೈತಿ, ಕೆರೆದು ಕೊಡ್ಲೇನು?” ಅಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಗಳು ನನ್ನೊಬ್ಬಳ ಮುಖವನ್ನೇ ನೋಡಿದಳು.

ಮರುದಿನ ಸೋಮವಾರ. ಅವಳು ಜಳಕಕ್ಕೆ ಹೋದಾಗ ಶೀಶೆಯನ್ನು ದೇವರ ಜಗುಲಿಯ ಮೇಲಿಟ್ಟು ಪೂಜೆ ಮಾಡಿದೆ. ನಾನೂ ನಕ್ಕದ್ದು ಎದೆಯಲ್ಲಿ ಚುಚ್ಚುತ್ತಿತ್ತು. ಮುಚ್ಚಳ ತೆಗೆದು ಒಂದು ಚಿಟಿಕೆ ವಿಭೂತಿ ಉದುರಿಸಿ, ಶಿವನೇ, ನನ್ನ ಕೂಸಿನ ಕೆಲಸ ಕೈಗೂಡಲಿ ಎಂದು ಬೇಡಿಕೊಂಡೆ. ಹೊಲಿಗೆ ಮಷೀನಿಗೂ ಪಂಪ್‌ಸೆಟ್ಟಿಗೂ ವಿಭೂತಿ ಹಚ್ಚಿದವಳು ನಾನು. ಮುಚ್ಚಳ ಹಾಕಿ ಅಲ್ಲಾಡಿಸಿದೆ. ಬಿಳಿ ಕಾಣದಂತೆ ಬೆರೆಯಿತು.

ಅವಳು ಕಾಲೇಜಿಗೆ ಮರಳಿದ ನಾಲ್ಕನೆಯ ದಿನ ಫೋನು ಬಂತು.

“ಅವ್ವಾ, ಶೀಶೆ ಯಾರರ ತೆಗೆದಿದ್ರೇನು? ಖರೇ ಹೇಳು.”

ಹೇಳಿದೆ. ಅಲ್ಲಿಗೆ ಒಯ್ಯುವ ಮುಂಚೆ ಪರೀಕ್ಷೆ ಮಾಡಿದಾಗ ಪುಡಿಯಲ್ಲಿ ಇರಬಾರದ್ದು ಸಿಕ್ಕಿತ್ತು. ಅಷ್ಟೂ ಕೆಟ್ಟಿತ್ತಂತೆ. ಮತ್ತೆ ಮಾಡಲು ದಿನ ಉಳಿದಿರಲಿಲ್ಲ, ಅದಿಲ್ಲದೆ ಹೋಗುವಂತೆಯೂ ಇರಲಿಲ್ಲ. “ಮನಿಯಾಗ ಇದಕ್ಕೂ ಪೂಜಿ ಮಾಡಿದ್ರೇನು?” ಎಂದು ಅವಳ ಸರ್ ಚೇಷ್ಟೆಗೆ ಕೇಳಿದರಂತೆ. ಜೊತೆಯವರೆಲ್ಲ ಬಿದ್ದು ಬಿದ್ದು ನಕ್ಕರಂತೆ.

“ನೀ ಏನಂದಿ?”

“ನನ್ನ ಕೈಲೆ ಆಗೇತಿ ಅಂದೆ. ಮತ್ತೇನ್ ಅನ್ಲಿ? ನಮ್ಮವ್ವ ಹಾಕ್ಯಾಳ ಅಂತ ಹೇಳ್ಲೇನು?”

ಅವಳ ಜಾಗದಲ್ಲಿ ಬೇರೊಬ್ಬಳು ಹೋದಳು. ಮನಸ್ಸು ತಡೆಯದೆ ನಾದಿನಿಯ ಮುಂದೆ ಹೇಳಿಕೊಂಡೆ. “ಶಿವನೇ ಒಲ್ಲೆ ಅಂದಾನ, ಬಿಡ್ರಿ ವೈನಿ. ಇನ್ನರ ಗಂಡು ನೋಡ್ರಿ,” ಎಂದು ಬಾಯಿಗೆ ಸೆರಗು ಹಿಡಿದಳು. ಅಳುವುದಕ್ಕಲ್ಲ.

ದೇವರು ಪೂರಾ ಕೈಬಿಟ್ಟಿಲ್ಲ. ಮಗಳು ಓದು ಬಿಟ್ಟಿಲ್ಲ, ಊಟ ಬಿಟ್ಟಿಲ್ಲ. ನನ್ನ ಹೆಸರನ್ನು ಯಾರ ಮುಂದೆಯೂ ಎತ್ತಿಲ್ಲ. ಭಾನುವಾರ ಫೋನು ಮಾಡಿದರೆ ಎತ್ತುತ್ತಾಳೆ. ಹೂಂ, ಉಹೂಂ ಅನ್ನುತ್ತಾಳೆ. ಅಷ್ಟಾದರೂ ಇದೆ.

ಈಗ ಆ ಹೊರದೇಶದ ಕಾಲೇಜಿನಿಂದ ಒಬ್ಬ ಹುಡುಗಿ ಬಂದಿದ್ದಾಳೆ. ಕಬ್ಬಿಣ ಉರಿಸುವ ಒಲೆಯನ್ನು ಅವಳಿಗೆ ತೋರಿಸಿಕೊಡುವವಳು ನನ್ನ ಮಗಳೇ. ಆ ಹುಡುಗಿಗೆ ನಮ್ಮ ಕಡೆಯ ಒಂದು ಮನೆ ನೋಡುವ ಆಸೆಯಂತೆ.

“ಇಲ್ಲಿಗೇ ಕರಕೊಂಡ್ ಬಾ. ಹೋಳಿಗಿ ಮಾಡ್ತೀನಿ,” ಅಂದೆ.

“ಬ್ಯಾಡವ್ವಾ. ನನ್ನ ಗೆಳತಿ ಮನಿಗೆ ಹೊಂಟೀವಿ, ಮಸ್ಕಿಗೆ.”

ಮಸ್ಕಿ ನಮ್ಮ ಮನೆಯಿಂದ ಬಸ್ಸಿಗೆ ಒಂದೇ ತಾಸು.